ಕರುಳಿನ ಹಾರ್ಮೋನು ಮತ್ತು ಇನ್ಸುಲಿನ್ ಕೋಶ: ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮಮ್ಮನಿಗೆ ಸಕ್ಕರೆ ಕಾಯಿಲೆ ಬಂದು 19 ವರ್ಷವಾಯಿತು. ನಾನು ಕಾಲೇಜಿನಲ್ಲಿ ಜೀವಶಾಸ್ತ್ರ ಪಾಠ ಮಾಡುವವಳು. ಈ ಎರಡೂ ಗೊತ್ತಿರುವವರು ಮದುವೆಮನೆಯ ಪಂಕ್ತಿಯಲ್ಲಿ, ಸ್ಟಾಫ್ ರೂಮಿನಲ್ಲಿ, ಪತ್ರಗಳಲ್ಲಿ ಕೇಳಿದ್ದನ್ನೇ ಕೇಳುತ್ತಿರುತ್ತಾರೆ. ಕರುಳಿನ ಹಾರ್ಮೋನಿನಂತೆ ಕೆಲಸ ಮಾಡುವ, ತೂಕ ಇಳಿಸುವ ಇಂಜೆಕ್ಷನ್ನಿನ ಸುದ್ದಿ ಜೋರಾದ ಮೇಲಂತೂ ಪ್ರಶ್ನೆ ಇನ್ನೂ ಜಾಸ್ತಿ. ಅವರು ಕೇಳಿದ ಮಾತಿನಲ್ಲೇ ಪ್ರಶ್ನೆ ಬರೆದುಕೊಂಡು ಇಲ್ಲಿ ಉತ್ತರ ಜೋಡಿಸಿದ್ದೇನೆ. ನಾನು ಡಾಕ್ಟರಲ್ಲ. ಇದನ್ನು ಓದಿ ಯಾರೂ ಮಾತ್ರೆ ನಿಲ್ಲಿಸುವುದು, ಡೋಸ್ ಬದಲಿಸುವುದು ಮಾಡಬೇಡಿ.

## ಶುರುವಿನ ಪ್ರಶ್ನೆಗಳು

ಕರುಳು ಇರೋದು ಊಟ ಅರಗಿಸೋಕೆ ಅಲ್ವಾ? ಅದಕ್ಕೂ ಹಾರ್ಮೋನಿಗೂ ಎಲ್ಲಿಯ ಸಂಬಂಧ?

ಹಾರ್ಮೋನು ಅನ್ನುವ ಮಾತು ಹುಟ್ಟಿದ್ದೇ ಕರುಳಿನ ದೆಸೆಯಿಂದ. 1902ರಲ್ಲಿ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ವಿಲಿಯಂ ಬೇಲಿಸ್ ಮತ್ತು ಅರ್ನೆಸ್ಟ್ ಸ್ಟಾರ್ಲಿಂಗ್ ನಾಯಿಯ ಸಣ್ಣ ಕರುಳಿನ ಒಳಪೊರೆಯನ್ನು ಅರೆದು, ಸೋಸಿ, ಆ ರಸವನ್ನು ರಕ್ತಕ್ಕೆ ಬಿಟ್ಟರು. ನರಗಳ ಸಹಾಯವೇ ಇಲ್ಲದೆ ಮೇದೋಜೀರಕ ಗ್ರಂಥಿ ರಸ ಸುರಿಸತೊಡಗಿತು. ಆ ವಸ್ತುವಿಗೆ ಸೆಕ್ರೆಟಿನ್ ಎಂದು ಹೆಸರಿಟ್ಟರು. ಇಂಥ ಸಂದೇಶ ಒಯ್ಯುವ ವಸ್ತುಗಳನ್ನೆಲ್ಲ ಸ್ಟಾರ್ಲಿಂಗ್ 1905ರಲ್ಲಿ ಹಾರ್ಮೋನ್ ಎಂದು ಕರೆದರು.

ಸಕ್ಕರೆ ಕಾಯಿಲೆಯ ಮಾತಿಗೆ ಬಂದರೆ ಮುಖ್ಯವಾದವು ಎರಡು. ಸಣ್ಣ ಕರುಳಿನ ಮೇಲ್ಭಾಗದ ಕೆ ಕೋಶಗಳಿಂದ ಬರುವ ಜಿಐಪಿ ಒಂದು. ಸಣ್ಣ ಕರುಳಿನ ಕೊನೆಯ ಭಾಗ ಮತ್ತು ದೊಡ್ಡ ಕರುಳಿನ ಎಲ್ ಕೋಶಗಳಿಂದ ಬರುವ ಜಿಎಲ್‌ಪಿ-1 ಇನ್ನೊಂದು. ಊಟ ಹೊಟ್ಟೆಗೆ ಬಿದ್ದ ಕೆಲವೇ ನಿಮಿಷಗಳಲ್ಲಿ ಎರಡೂ ರಕ್ತದಲ್ಲಿ ಏರುತ್ತವೆ.

ಇನ್ಸುಲಿನ್ ಮಾಡುವ ಕೋಶ ಎಲ್ಲಿರುತ್ತವೆ? ಎಷ್ಟಿರುತ್ತವೆ?

ಜಠರದ ಹಿಂದೆ ಅಡ್ಡಡ್ಡ ಮಲಗಿರುವ ಮೇದೋಜೀರಕ ಗ್ರಂಥಿಯಲ್ಲಿ. ಇಡೀ ಗ್ರಂಥಿ ಸುಮಾರು 100 ಗ್ರಾಂ ತೂಗುತ್ತದೆ. ಅದರಲ್ಲಿ ಬಹುಪಾಲು ಜೀರ್ಣರಸ ಮಾಡುವ ಕೋಶಗಳೇ. ನಡುನಡುವೆ ಚಿಕ್ಕ ಚಿಕ್ಕ ಗುಂಪುಗಳಿವೆ. 1869ರಲ್ಲಿ ಅವುಗಳನ್ನು ಮೊದಲು ಗುರುತಿಸಿ ಬರೆದ ಪಾಲ್ ಲ್ಯಾಂಗರ್‌ಹಾನ್ಸ್ ಹೆಸರಿನಲ್ಲಿ ಅವನ್ನು ಲ್ಯಾಂಗರ್‌ಹಾನ್ಸ್ ದ್ವೀಪಗಳು ಎನ್ನುತ್ತಾರೆ. ಒಬ್ಬರಲ್ಲಿ ಸುಮಾರು 10 ಲಕ್ಷ ದ್ವೀಪಗಳು. ಒಂದೊಂದೂ ಚಿರೋಟಿ ರವೆಯ ಕಾಳಿಗಿಂತ ಸಣ್ಣದು. ಎಲ್ಲವನ್ನೂ ಒಟ್ಟುಗೂಡಿಸಿದರೆ ತೂಕ ಒಂದೆರಡು ಗ್ರಾಂ, ಅಷ್ಟೇ. ಈ ದ್ವೀಪಗಳಲ್ಲಿ ಅರ್ಧಕ್ಕಿಂತ ಹೆಚ್ಚು ಬೀಟಾ ಕೋಶಗಳು. ಇನ್ಸುಲಿನ್ ಮಾಡುವುದು ಅವೇ.

ತರಗತಿಯಲ್ಲಿ ಅಂಗೈ ಮೇಲೆ ಚಿಟಿಕೆ ರವೆ ಹಾಕಿಕೊಂಡು ಇದನ್ನು ತೋರಿಸುತ್ತೇನೆ. ಜೀವಮಾನದ ಇನ್ಸುಲಿನ್ ಇಷ್ಟರಿಂದಲೇ ಬರಬೇಕು ಅಂದಾಗ ಮಕ್ಕಳು ಗಪ್‌ಚುಪ್ ಆಗುತ್ತಾರೆ.

ಗ್ಲೂಕೋಸ್ ಕುಡಿದರೂ ಒಂದೇ, ಡ್ರಿಪ್ ಹಾಕಿದರೂ ಒಂದೇ ಅಲ್ವಾ?

ಅಲ್ಲ. ಈ ಇಡೀ ಕಥೆ ಶುರುವಾಗಿದ್ದೇ ಆ ವ್ಯತ್ಯಾಸದಿಂದ.

ನನ್ನ ತಂಗಿ ಬಸುರಿಯಾಗಿದ್ದಾಗ ಶುಗರ್ ಪರೀಕ್ಷೆಗೆ ಅವಳ ಜೊತೆ ಹೋಗಿದ್ದೆ. ಒಂದು ಲೋಟ ನೀರಿಗೆ 75 ಗ್ರಾಂ ಗ್ಲೂಕೋಸ್ ಕಲಸಿ ಕೊಟ್ಟರು. ಕುಡಿದು ಮುಗಿಸಿದಾಗ ಲೋಟದ ತಳದಲ್ಲಿ ಬಿಳಿ ಪುಡಿ ಇನ್ನೂ ಅಂಟಿಕೊಂಡಿತ್ತು. ಅದನ್ನೂ ನೀರು ಹಾಕಿ ಅಲ್ಲಾಡಿಸಿ ಕುಡಿಸಿದರು. ಆಮೇಲೆ ಎರಡು ಗಂಟೆ ಬೆಂಚಿನ ಮೇಲೆ ಕಾಯುವ ಕೆಲಸ. ಆ ಹೊತ್ತಿನಲ್ಲಿ ಅವಳ ಕರುಳು ಸಿಹಿಯ ರುಚಿ ನೋಡಿ, ಸಕ್ಕರೆ ಬರುತ್ತಿದೆ ಎಂದು ಬೀಟಾ ಕೋಶಗಳಿಗೆ ಮುಂಚೆಯೇ ಹೇಳಿ ಕಳಿಸುತ್ತಿತ್ತು.

ಅದೇ ಗ್ಲೂಕೋಸನ್ನು ನೇರ ರಕ್ತನಾಳಕ್ಕೆ ಬಿಟ್ಟು, ರಕ್ತದ ಸಕ್ಕರೆ ಅಷ್ಟೇ ಏರುವಂತೆ ಮಾಡಿದರೂ ಇನ್ಸುಲಿನ್ ತುಂಬಾ ಕಮ್ಮಿ ಬರುತ್ತದೆ. 1964ರಲ್ಲಿ ಇದು ಮನುಷ್ಯರಲ್ಲಿ ಖಚಿತವಾಯಿತು. ಆರೋಗ್ಯವಂತರಲ್ಲಿ ಗ್ಲೂಕೋಸ್ ಕುಡಿದಾಗ ಬರುವ ಇನ್ಸುಲಿನ್ನಿನಲ್ಲಿ ಶೇ. 50ರಿಂದ 70ರಷ್ಟು ಕರುಳಿನ ಹಾರ್ಮೋನುಗಳ ಪುಣ್ಯ. ಇದಕ್ಕೆ ಇನ್‌ಕ್ರೆಟಿನ್ ಪರಿಣಾಮ ಅಂತ ಹೆಸರು. ಟೈಪ್ 2 ಸಕ್ಕರೆ ಕಾಯಿಲೆಯಲ್ಲಿ ಈ ಪಾಲು ಬಹಳ ಕುಗ್ಗಿರುತ್ತದೆ.

ಸಿಹಿ ತಿಂದು ತಿಂದು ಬೀಟಾ ಕೋಶ ಸತ್ತು ಹೋಗುತ್ತಾ?

ಜಿಲೇಬಿ ತಿಂದ ತಕ್ಷಣ ಕೋಶ ಸಾಯುವುದಿಲ್ಲ. ಟೈಪ್ 2ರಲ್ಲಿ ಮೊದಲು ಸ್ನಾಯು, ಯಕೃತ್ತು, ಕೊಬ್ಬು ಇವು ಇನ್ಸುಲಿನ್ನಿನ ಮಾತು ಕೇಳುವುದು ಕಮ್ಮಿ ಮಾಡುತ್ತವೆ. ಬೀಟಾ ಕೋಶ ಜಾಸ್ತಿ ದುಡಿದು ಸರಿದೂಗಿಸುತ್ತದೆ. ಒಂದು ಬೀಟಾ ಕೋಶ ಜೋರಾಗಿ ದುಡಿಯುವಾಗ ನಿಮಿಷಕ್ಕೆ ಸುಮಾರು 10 ಲಕ್ಷ ಇನ್ಸುಲಿನ್ ಅಣು ಕಟ್ಟಬಲ್ಲದು. ವರ್ಷಗಟ್ಟಲೆ ಈ ಓವರ್‌ಟೈಮ್ ನಡೆದರೆ ಕೋಶದೊಳಗೆ ಸರಿಯಾಗಿ ಮಡಚದ ಪ್ರೋಟೀನು ರಾಶಿ ಬೀಳುತ್ತದೆ. ಮೇಲಿಂದ ಏರಿದ ಸಕ್ಕರೆ, ಕೊಬ್ಬಿನಾಮ್ಲ, ಉರಿಯೂತ. ಕೆಲವು ಕೋಶ ಸಾಯುತ್ತವೆ. ಕೆಲವು ಸಾಯದೆ ತಮ್ಮ ಕಸುಬನ್ನೇ ಮರೆಯುತ್ತವೆ.

ಬ್ರಿಟನ್ನಿನ ದೊಡ್ಡ ಅಧ್ಯಯನವೊಂದರ ಲೆಕ್ಕದ ಪ್ರಕಾರ, ಕಾಯಿಲೆ ಪತ್ತೆಯಾಗುವ ಹೊತ್ತಿಗೇ ಬೀಟಾ ಕೋಶಗಳ ಶಕ್ತಿ ಅರ್ಧದಷ್ಟು ಹೋಗಿರುತ್ತದೆ. 2003ರಲ್ಲಿ ಪ್ರಕಟವಾದ ಮರಣೋತ್ತರ ಪರೀಕ್ಷೆಯ ಅಧ್ಯಯನದಲ್ಲಿ, ಬೊಜ್ಜಿದ್ದ ಟೈಪ್ 2 ರೋಗಿಗಳ ಬೀಟಾ ಕೋಶಗಳ ಪ್ರಮಾಣ ಶೇ. 63ರಷ್ಟು ಕಮ್ಮಿಯಿತ್ತು. ಇನ್ನೂ ಸಕ್ಕರೆ ಕಾಯಿಲೆ ಅನಿಸಿಕೊಳ್ಳದೆ ಖಾಲಿ ಹೊಟ್ಟೆಯ ಶುಗರ್ ಸ್ವಲ್ಪ ಏರಿದ್ದವರಲ್ಲೂ ಶೇ. 40ರಷ್ಟು ಕಮ್ಮಿ. ‘ಬಾರ್ಡರ್‌ನಲ್ಲಿದೆ, ಏನಾಗಲ್ಲ ಬಿಡಿ’ ಅನ್ನುವವರಿಗೆ ನಾನು ಹೇಳುವುದು ಈ ಅಂಕಿಯನ್ನೇ.

## ಊಟ, ಮಾತ್ರೆ, ಇಂಜೆಕ್ಷನ್

ಈ ಹಾರ್ಮೋನು ನಮ್ಮ ಮೈಯಲ್ಲೇ ಇದೆ ಅಂದ್ಮೇಲೆ ಹೊರಗಿಂದ ಯಾಕೆ ಕೊಡಬೇಕು?

ನಮ್ಮ ಜಿಎಲ್‌ಪಿ-1 ರಕ್ತದಲ್ಲಿ ಉಳಿಯುವುದು ಬರೀ ಎರಡು ನಿಮಿಷ. ಅಷ್ಟರಲ್ಲಿ ಡಿಪಿಪಿ-4 ಎಂಬ ಕಿಣ್ವ ಅದರ ತುದಿ ಕತ್ತರಿಸಿ ಹಾಕುತ್ತದೆ. ಆರೋಗ್ಯವಂತರಿಗೆ ಅಷ್ಟು ಸಾಕು. ಕಾಯಿಲೆ ಇರುವವರ ಬೀಟಾ ಕೋಶಕ್ಕೆ ಕಿವಿ ಮಂದವಾಗಿರುತ್ತದೆ, ಅದರಲ್ಲೂ ಜಿಐಪಿಯ ಮಾತು ಕೇಳಿಸುವುದೇ ಇಲ್ಲ ಅನ್ನುವಷ್ಟು. ಆದರೆ ಜಿಎಲ್‌ಪಿ-1ನ್ನು ಮಾಮೂಲಿಗಿಂತ ಜಾಸ್ತಿ ಪ್ರಮಾಣದಲ್ಲಿ ಕೊಟ್ಟರೆ ಕೋಶ ಮತ್ತೆ ಓಗೊಡುತ್ತದೆ. ಅದಕ್ಕೇ ಔಷಧಿ ಮಾಡುವವರು ಅದರ ಬೆನ್ನು ಹತ್ತಿದ್ದು.

ಹಲ್ಲಿ ಜೊಲ್ಲಿನಿಂದ ಶುಗರ್ ಔಷಧಿ ಬಂತಂತೆ. ಕಟ್ಟುಕಥೆ ತಾನೇ?

ನಿಜ. ಅಮೆರಿಕದ ನೈರುತ್ಯ ಭಾಗದ ಮರುಭೂಮಿಯಲ್ಲಿ ಗಿಲಾ ಮಾನ್‌ಸ್ಟರ್ ಎಂಬ ವಿಷದ ಹಲ್ಲಿಯಿದೆ. ದಪ್ಪ ಬಾಲ, ಮಣಿ ಪೋಣಿಸಿದಂಥ ಕಪ್ಪು-ಕಿತ್ತಳೆ ಚರ್ಮ. ವರ್ಷಕ್ಕೆ ಕೆಲವೇ ಸಲ ಹೊಟ್ಟೆ ತುಂಬ ತಿಂದು ಬದುಕುವ ಪ್ರಾಣಿ. ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ ಕೆಲಸ ಮಾಡುತ್ತಿದ್ದ ಡಾ. ಜಾನ್ ಎಂಗ್ 1992ರಲ್ಲಿ ಅದರ ವಿಷದಲ್ಲಿ ಎಕ್ಸೆಂಡಿನ್-4 ಎಂಬ ವಸ್ತು ಕಂಡುಹಿಡಿದರು. ನಮ್ಮ ಜಿಎಲ್‌ಪಿ-1ನ್ನು ಅರ್ಧದಷ್ಟು ಹೋಲುತ್ತದೆ. ಅದೇ ಬೀಗಕ್ಕೆ ಹೊಂದುವ ಕೀಲಿ. ಆದರೆ ಡಿಪಿಪಿ-4ರ ಕತ್ತರಿಗೆ ಸುಲಭವಾಗಿ ಸಿಗುವುದಿಲ್ಲ. ಅದರ ಕೃತಕ ರೂಪವಾದ ಎಕ್ಸೆನಟೈಡ್‌ಗೆ 2005ರಲ್ಲಿ ಅಮೆರಿಕ ಒಪ್ಪಿಗೆ ಕೊಟ್ಟಿತು. ದಿನಕ್ಕೆರಡು ಚುಚ್ಚು.

ಆಮೇಲೆ ದಿನಕ್ಕೊಂದರ ಲಿರಾಗ್ಲುಟೈಡ್, ವಾರಕ್ಕೊಂದರ ಸೆಮಾಗ್ಲುಟೈಡ್, ಜಿಐಪಿ ಮತ್ತು ಜಿಎಲ್‌ಪಿ-1 ಎರಡರ ಕೆಲಸವನ್ನೂ ಮಾಡುವ ಟಿರ್ಜೆಪಟೈಡ್ ಬಂದವು. ಸೆಮಾಗ್ಲುಟೈಡ್ ಮಾತ್ರೆ 2022ರಲ್ಲಿ ಭಾರತಕ್ಕೆ ಬಂತು, ಟಿರ್ಜೆಪಟೈಡ್ 2025ರಲ್ಲಿ.

ಅಪ್ಪನಿಗೆ ‘ಗ್ಲಿಪ್ಟಿನ್’ ಅಂತ ಕೊನೆಯಾಗೋ ಮಾತ್ರೆ ಕೊಟ್ಟಿದ್ದಾರೆ. ಅದೂ ಇದೇನಾ?

ಅದೇ ಮನೆತನದ್ದು, ಆದರೆ ಮೆಲ್ಲಗೆ ಕೆಲಸ ಮಾಡುತ್ತದೆ. ಸಿಟಾಗ್ಲಿಪ್ಟಿನ್, ವಿಲ್ಡಾಗ್ಲಿಪ್ಟಿನ್, ಟೆನೆಲಿಗ್ಲಿಪ್ಟಿನ್ ಇವೆಲ್ಲ ಡಿಪಿಪಿ-4ರ ಕತ್ತರಿಯನ್ನು ಹಿಡಿದು ನಿಲ್ಲಿಸುತ್ತವೆ. ಆಗ ನಮ್ಮದೇ ಹಾರ್ಮೋನು ಎರಡು ಮೂರು ಪಟ್ಟು ಉಳಿಯುತ್ತದೆ. ಇಂಜೆಕ್ಷನ್ನಿನಲ್ಲಿ ಅದಕ್ಕಿಂತ ಎಷ್ಟೋ ಪಾಲು ಹೆಚ್ಚಿನ ಪರಿಣಾಮ ಸಿಗುತ್ತದೆ, ತೂಕವೂ ಇಳಿಯುತ್ತದೆ. ಗ್ಲಿಪ್ಟಿನ್ನಿನಿಂದ ತೂಕ ಇಳಿಯುವುದಿಲ್ಲ, ಏರುವುದೂ ಇಲ್ಲ. ಪೇಟೆಂಟ್ ಮುಗಿದ ಮೇಲೆ ಇವುಗಳ ಬೆಲೆ ನಮ್ಮಲ್ಲಿ ತುಂಬಾ ಇಳಿದಿರುವುದು ಒಳ್ಳೆಯ ಸಂಗತಿ.

ಎರಡಕ್ಕೂ ಸಮಾನವಾದ ಒಂದು ಗುಣ ನನಗೆ ಬಹಳ ಇಷ್ಟ. ರಕ್ತದಲ್ಲಿ ಸಕ್ಕರೆ ಏರಿದ್ದಾಗ ಮಾತ್ರ ಇವು ಇನ್ಸುಲಿನ್ ಬಿಡಿಸುತ್ತವೆ. ಸಕ್ಕರೆ ಇಳಿದರೆ ಸುಮ್ಮನಾಗುತ್ತವೆ. ಹಾಗಾಗಿ ಇವನ್ನಷ್ಟೇ ತೆಗೆದುಕೊಳ್ಳುವವರಿಗೆ ಶುಗರ್ ದಿಢೀರನೆ ಕುಸಿಯುವ ಭಯ ಕಮ್ಮಿ. ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್ ಥರದ ಮಾತ್ರೆ ಜೊತೆಗಿದ್ದರೆ ಮಾತ್ರ ಎಚ್ಚರ ಬೇಕು.

ಊಟದಿಂದಲೇ ಜಿಎಲ್‌ಪಿ-1 ಜಾಸ್ತಿ ಮಾಡ್ಕೊಳ್ಳೋಕೆ ಆಗಲ್ವಾ?

ಸ್ವಲ್ಪ ಮಟ್ಟಿಗೆ ಆಗುತ್ತದೆ. ಸುಲಭದ ದಾರಿ ತಿನ್ನುವ ಕ್ರಮ ಬದಲಿಸುವುದು. ತರಕಾರಿ ಮತ್ತು ಪ್ರೋಟೀನನ್ನು ಮೊದಲು ತಿಂದು, ಅನ್ನ ಅಥವಾ ಬ್ರೆಡ್ಡನ್ನು ಕೊನೆಗೆ ತಿಂದರೆ ಊಟದ ನಂತರದ ಸಕ್ಕರೆ ಕಡಿಮೆ ಏರುತ್ತದೆ ಎಂದು ಜಪಾನಿನಲ್ಲೂ ಅಮೆರಿಕದಲ್ಲೂ ಮಾಡಿದ ಪರೀಕ್ಷೆಗಳು ತೋರಿಸಿವೆ. ಜಿಎಲ್‌ಪಿ-1 ಕೂಡ ಜಾಸ್ತಿ ಬರುತ್ತದೆ. ನಮ್ಮ ಬಾಳೆಎಲೆಯ ಊಟದಲ್ಲಿ ಕೋಸಂಬರಿ, ಪಲ್ಯ ಮೊದಲೇ ಬಡಿಸುತ್ತಾರಲ್ಲ, ಅವನ್ನು ಅನ್ನಕ್ಕೆ ಕಾಯುತ್ತ ಎಲೆಯ ಮೂಲೆಯಲ್ಲಿ ಬಿಡದೆ ಮೊದಲೇ ತಿಂದು ಮುಗಿಸಿ. ಅಮ್ಮ ಈಗ ಹಾಗೇ ಮಾಡುತ್ತಾರೆ. ಒಂದು ಬಟ್ಟಲು ಹೆಸರುಬೇಳೆ ಕೋಸಂಬರಿ, ಆಮೇಲೆ ಹುಳಿಯಲ್ಲಿರುವ ತರಕಾರಿ, ಕೊನೆಗೆ ಒಂದು ಸೌಟು ಅನ್ನ.

ನಾರಿನಂಶ ದೊಡ್ಡ ಕರುಳಿಗೆ ಹೋದಾಗ ಅಲ್ಲಿಯ ಬ್ಯಾಕ್ಟೀರಿಯಾ ಅದನ್ನು ಸಣ್ಣ ಕೊಬ್ಬಿನಾಮ್ಲಗಳಾಗಿ ಒಡೆಯುತ್ತವೆ. ಅವು ಎಲ್ ಕೋಶಗಳನ್ನು ಕೆಣಕುತ್ತವೆ. ಇಷ್ಟಾದರೂ ಊಟದಿಂದ ಬರುವ ಏರಿಕೆ ಇಂಜೆಕ್ಷನ್ನಿನ ಮುಂದೆ ಸಣ್ಣದು. ‘ನೈಸರ್ಗಿಕ ಜಿಎಲ್‌ಪಿ-1’ ಎಂದು ಪುಡಿ ಮಾರುವವರನ್ನು ನಂಬಬೇಡಿ.

ನಾನು ತೆಳ್ಳಗಿದ್ದೀನಿ, ನನಗೆ ಇದೆಲ್ಲ ಯಾಕೆ?

ನಮ್ಮವರ ಮಟ್ಟಿಗೆ ಇದು ತಪ್ಪು ಧೈರ್ಯ. ಚೆನ್ನೈನಲ್ಲಿ ನಡೆದ ಅಧ್ಯಯನಗಳಲ್ಲಿ, ಸಕ್ಕರೆ ಕಾಯಿಲೆಯ ಮುಂಚಿನ ಹಂತದಲ್ಲೇ ಭಾರತೀಯರ ಬೀಟಾ ಕೋಶಗಳು ಸೋತಿರುವುದು ಕಂಡಿದೆ. ತೂಕ ಜಾಸ್ತಿ ಇಲ್ಲದಿದ್ದರೂ ಹೊಟ್ಟೆಯ ಸುತ್ತ, ಯಕೃತ್ತಿನಲ್ಲಿ ಕೊಬ್ಬು ಕೂತಿರಬಹುದು. 2023ರಲ್ಲಿ ಪ್ರಕಟವಾದ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಸಮೀಕ್ಷೆಯ ಅಂದಾಜಿನಲ್ಲಿ ದೇಶದಲ್ಲಿ 10.1 ಕೋಟಿ ಜನರಿಗೆ ಸಕ್ಕರೆ ಕಾಯಿಲೆಯಿದೆ, 13.6 ಕೋಟಿ ಜನ ಅದರ ಹೊಸ್ತಿಲಲ್ಲಿದ್ದಾರೆ. ಇವರೆಲ್ಲ ದಪ್ಪಗಿರುವವರಲ್ಲ. ಇಂಜೆಕ್ಷನ್ ಎಲ್ಲರಿಗೂ ಬೇಕಿಲ್ಲ. ವರ್ಷಕ್ಕೊಂದು ಸಲ ಪರೀಕ್ಷೆ ಮಾಡಿಸುವುದು ಬೇಕು.

ಇಂಜೆಕ್ಷನ್ ತಗೊಂಡ್ರೆ ವಾಂತಿ ಆಗುತ್ತಂತಲ್ಲ?

ಎಷ್ಟೋ ಜನರಿಗೆ ಮೊದಮೊದಲು ವಾಕರಿಕೆ ಬರುತ್ತದೆ. ನಮ್ಮ ದೊಡ್ಡಪ್ಪನಿಗೆ ಮೊದಲ ತಿಂಗಳು ಬಿಸಿ ಮುದ್ದೆಯ ವಾಸನೆಯೇ ಆಗುತ್ತಿರಲಿಲ್ಲ. ತಟ್ಟೆ ಪಕ್ಕಕ್ಕೆ ಸರಿಸಿ ಮಜ್ಜಿಗೆ ಕುಡಿದು ಏಳುತ್ತಿದ್ದರು. ಜಠರ ನಿಧಾನವಾಗಿ ಖಾಲಿಯಾಗುವುದು, ಮೆದುಳಿಗೆ ಹೊಟ್ಟೆ ತುಂಬಿದೆ ಅನ್ನಿಸುವುದು ಇದಕ್ಕೆ ಕಾರಣ. ಅದಕ್ಕೇ ಡೋಸನ್ನು ಮೆಟ್ಟಿಲು ಮೆಟ್ಟಿಲಾಗಿ ಏರಿಸುತ್ತಾರೆ. ಪಿತ್ತಕೋಶದ ಕಲ್ಲು, ಅಪರೂಪಕ್ಕೆ ಮೇದೋಜೀರಕ ಗ್ರಂಥಿಯ ಊತ ಆಗಬಹುದು. ಮನೆಯಲ್ಲಿ ಯಾರಿಗಾದರೂ ಮೆಡುಲರಿ ಥೈರಾಯ್ಡ್ ಕ್ಯಾನ್ಸರ್ ಇದ್ದರೆ ಡಾಕ್ಟರಿಗೆ ಮೊದಲೇ ಹೇಳಬೇಕು, ಅಂಥವರಿಗೆ ಇದನ್ನು ಕೊಡುವುದಿಲ್ಲ. ಕಣ್ಣಿನ ಪರೀಕ್ಷೆಯನ್ನೂ ಮಾಡಿಸಿಕೊಳ್ಳಿ. ಶುಗರ್ ತೀರಾ ಬೇಗ ಇಳಿದರೆ ಮೊದಲೇ ಇರುವ ಅಕ್ಷಿಪಟಲದ ತೊಂದರೆ ಕೆಲಕಾಲ ಹೆಚ್ಚಾಗಬಹುದು.

## ಕೋಶವನ್ನು ಕಾಪಾಡುವ ವಿಚಾರ

‘ಕೋಶವನ್ನು ಕಾಪಾಡುತ್ತೆ’ ಅಂತಾರೆ. ಒಳಗೆ ನಿಜವಾಗಿ ಏನಾಗುತ್ತೆ?

ಬೀಟಾ ಕೋಶದ ಹೊರಮೈಯಲ್ಲಿ ಜಿಎಲ್‌ಪಿ-1ಕ್ಕೆಂದೇ ಒಂದು ಗ್ರಾಹಕ (ರಿಸೆಪ್ಟರ್), ಅಂದರೆ ಆ ಕೀಲಿ ಹೊಂದುವ ಬೀಗ, ಇದೆ. ಹಾರ್ಮೋನು ಅದಕ್ಕೆ ಕೂತಾಗ ಕೋಶದೊಳಗೆ ಸೈಕ್ಲಿಕ್ ಎಎಂಪಿ ಎಂಬ ಸಣ್ಣ ಅಣು ಏರುತ್ತದೆ. ಇಲ್ಲಿಂದ ಎರಡು ಕೆಲಸ ಶುರು. ಒಂದು ತಕ್ಷಣದ್ದು: ಇನ್ಸುಲಿನ್ ತುಂಬಿದ ಚೀಲಗಳು ಹೊರಗೆ ಬರುತ್ತವೆ. ಇನ್ನೊಂದು ನಿಧಾನದ್ದು: ಇನ್ಸುಲಿನ್ ಜೀನು, ಬದುಕುಳಿಯಲು ಬೇಕಾದ ಜೀನುಗಳು ಚುರುಕಾಗುತ್ತವೆ, ಕೋಶ ತನ್ನನ್ನೇ ಕೊಂದುಕೊಳ್ಳುವ ವ್ಯವಸ್ಥೆಗೆ ತಡೆ ಬೀಳುತ್ತದೆ.

ಇದನ್ನು ತೋರಿಸಿದ ಪ್ರಯೋಗ ಸರಳವಾಗಿದೆ. ಸ್ಟ್ರೆಪ್ಟೊಜೋಟೊಸಿನ್ ಎಂಬುದು ಬೀಟಾ ಕೋಶವನ್ನೇ ಹುಡುಕಿ ಕೊಲ್ಲುವ ವಿಷ. ಟೊರಾಂಟೊದಲ್ಲಿ ಡೇನಿಯಲ್ ಡ್ರಕರ್ ಅವರ ತಂಡ 2003ರಲ್ಲಿ ಇಲಿಗಳಿಗೆ ಈ ವಿಷ ಕೊಟ್ಟಿತು. ಜೊತೆಗೆ ಎಕ್ಸೆಂಡಿನ್-4 ಪಡೆದ ಇಲಿಗಳಲ್ಲಿ ಸತ್ತ ಬೀಟಾ ಕೋಶ ಕಮ್ಮಿ. ಜಿಎಲ್‌ಪಿ-1 ಗ್ರಾಹಕವೇ ಇಲ್ಲದಂತೆ ಬೆಳೆಸಿದ ಇಲಿಗಳಲ್ಲಿ ಸಾವು ಜಾಸ್ತಿ. ಅಂದರೆ ಹೊರಗಿಂದ ಔಷಧಿ ಕೊಡದಿದ್ದರೂ ಮೈಯೊಳಗಿನ ಹಾರ್ಮೋನೇ ಅಷ್ಟಿಷ್ಟು ಕಾವಲು ಕಾಯುತ್ತಿತ್ತು. ನನಗೆ ಬಹಳ ಹಿಡಿಸಿದ್ದು ಈ ಎರಡನೇ ಸಂಗತಿ.

2006ರಲ್ಲಿ ಅದೇ ತಂಡ ಇನ್ನೊಂದು ಅಂಶ ಹೇಳಿತು. ಮಡಚದ ಪ್ರೋಟೀನು ರಾಶಿ ಬಿದ್ದಾಗ ಕೋಶ ಎಲ್ಲ ಉತ್ಪಾದನೆಯನ್ನೂ ನಿಲ್ಲಿಸಿಬಿಡುತ್ತದೆ. ಜಿಎಲ್‌ಪಿ-1 ಸಂದೇಶ ಇದ್ದರೆ ಅದು ಬೇಗ ಚೇತರಿಸಿಕೊಂಡು ಮತ್ತೆ ಕೆಲಸಕ್ಕೆ ಹತ್ತುತ್ತದೆ. ಮನುಷ್ಯರ ದ್ವೀಪಗಳನ್ನು ಐದು ದಿನ ಗಾಜಿನ ತಟ್ಟೆಯಲ್ಲಿ ಸಾಕಿದಾಗಲೂ, ಜಿಎಲ್‌ಪಿ-1 ಸೇರಿಸಿದ ತಟ್ಟೆಯಲ್ಲಿ ದ್ವೀಪದ ದುಂಡು ಆಕಾರ ಉಳಿಯಿತು, ಸಾಯುವ ಕೋಶ ಕಡಿಮೆಯಾದವು.

ಇದಲ್ಲದೆ ಹೊರೆ ಇಳಿಸುವ ದಾರಿಯೂ ಇದೆ. ತೂಕ ಇಳಿಯುತ್ತದೆ, ಊಟ ನಿಧಾನವಾಗಿ ಕರುಳಿಗೆ ಇಳಿಯುತ್ತದೆ, ಸಕ್ಕರೆ ಏರಿಸುವ ಗ್ಲೂಕಗಾನ್ ತಗ್ಗುತ್ತದೆ. ಬೀಟಾ ಕೋಶಕ್ಕೆ ಉಸಿರು ಬಿಡಲು ಬಿಡುವು ಸಿಗುತ್ತದೆ. ಮನುಷ್ಯರಲ್ಲಿ ಕಾಣುವ ಲಾಭದಲ್ಲಿ ಈ ವಿಶ್ರಾಂತಿಯ ಪಾಲೇ ದೊಡ್ಡದು ಎಂದು ನನ್ನ ಅನಿಸಿಕೆ.

ಹೊಸ ಬೀಟಾ ಕೋಶ ಹುಟ್ಟುತ್ತಂತೆ. ಹಾಗಾದ್ರೆ ಕಾಯಿಲೆ ಪೂರ್ತಿ ವಾಸಿ ಆಗುತ್ತಲ್ವಾ?

ಈ ಆಸೆ ಹುಟ್ಟಿದ್ದು 1999ರಲ್ಲಿ. ಬಾಸ್ಟನ್ನಿನಲ್ಲಿ ಮೇದೋಜೀರಕ ಗ್ರಂಥಿಯ ಬಹುಪಾಲನ್ನು ಕತ್ತರಿಸಿ ತೆಗೆದ ಇಲಿಗಳಿಗೆ ಎಕ್ಸೆಂಡಿನ್-4 ಕೊಟ್ಟಾಗ ಬೀಟಾ ಕೋಶಗಳು ಹೆಚ್ಚಾದವು. ಆದರೆ ಎಳೆಯ ಇಲಿಯ ಬೀಟಾ ಕೋಶ ಸುಲಭವಾಗಿ ಇಬ್ಭಾಗವಾಗುತ್ತದೆ. ಮನುಷ್ಯರಲ್ಲಿ ಆ ಗುಣ ಬಾಲ್ಯ ಕಳೆಯುತ್ತಲೇ ಹೆಚ್ಚೂಕಮ್ಮಿ ನಿಂತುಹೋಗುತ್ತದೆ. 2017ರ ಪ್ರಯೋಗವೊಂದರಲ್ಲಿ ಮನುಷ್ಯರ ದ್ವೀಪಗಳನ್ನು ಇಲಿಗಳಿಗೆ ಕಸಿ ಮಾಡಿ ಅದೇ ಔಷಧಿ ಕೊಟ್ಟರು. ಮಕ್ಕಳಿಂದ ಬಂದ ಕೋಶಗಳು ಬೆಳೆದವು, ದೊಡ್ಡವರ ಕೋಶಗಳು ಬೆಳೆಯಲಿಲ್ಲ. 50 ವರ್ಷದವರಿಗೆ ‘ನಿಮ್ಮ ಗ್ರಂಥಿ ಹೊಸದಾಗಿ ಚಿಗುರುತ್ತದೆ’ ಎಂದು ಯಾರಾದರೂ ಹೇಳಿದರೆ ಅದಕ್ಕೆ ಆಧಾರವಿಲ್ಲ. ಉಳಿದಿರುವುದನ್ನು ಕಾಯ್ದುಕೊಳ್ಳುವ ಮಾತಿಗೆ ಆಧಾರವಿದೆ.

ಔಷಧಿ ನಿಲ್ಲಿಸಿದ ಮೇಲೂ ಆ ರಕ್ಷಣೆ ಉಳಿಯುತ್ತಾ?

ಕಾಯಿಲೆ ಆಗಲೇ ಬಂದವರಲ್ಲಿ ಉತ್ತರ ಬೇಸರದ್ದು. 2014ರಲ್ಲಿ ಟೊರಾಂಟೊದಿಂದ ಬಂದ ಅಧ್ಯಯನದಲ್ಲಿ, ಕಾಯಿಲೆ ಶುರುವಾಗಿ ಹೆಚ್ಚು ವರ್ಷ ಆಗಿರದ 51 ಜನರಿದ್ದರು. ಲಿರಾಗ್ಲುಟೈಡ್ ಪಡೆದವರ ಬೀಟಾ ಕೋಶ 48 ವಾರ ಚೆನ್ನಾಗಿ ಕೆಲಸ ಮಾಡಿತು. ಔಷಧಿ ನಿಲ್ಲಿಸಿ ಎರಡೇ ವಾರಕ್ಕೆ ಆ ಲಾಭ ಕರಗಿಹೋಯಿತು.

ಹೊಸ್ತಿಲಲ್ಲಿ ಇರುವವರ ಕಥೆ ಬೇರೆ. ಬೊಜ್ಜು ಮತ್ತು ಪ್ರಿಡಯಾಬಿಟಿಸ್ ಇದ್ದ 1,032 ಜನರಿಗೆ 176 ವಾರ ಟಿರ್ಜೆಪಟೈಡ್ ಅಥವಾ ಖಾಲಿ ಔಷಧಿ (ನೋಡಲು ಔಷಧಿಯಂತೆಯೇ ಇದ್ದು ಒಳಗೆ ಔಷಧಿ ಇಲ್ಲದ್ದು) ಕೊಟ್ಟು ನೋಡಿದರು. ಸಕ್ಕರೆ ಕಾಯಿಲೆ ಬಂದಿದ್ದು ಔಷಧಿಯವರಲ್ಲಿ ಶೇ. 1.3 ಜನಕ್ಕೆ, ಉಳಿದವರಲ್ಲಿ ಶೇ. 13.3 ಜನಕ್ಕೆ. ನಿಲ್ಲಿಸಿ 17 ವಾರವಾದ ಮೇಲೆ ಶೇ. 2.4 ಮತ್ತು ಶೇ. 13.7. ವ್ಯತ್ಯಾಸ ಉಳಿಯಿತು, ಆದರೆ ಅಂಕಿ ಮೆಲ್ಲಗೆ ಏರತೊಡಗಿತ್ತು. 17 ವಾರ ಅಂದರೆ ನಾಲ್ಕೇ ತಿಂಗಳು ಅನ್ನುವುದನ್ನೂ ಮರೆಯಬೇಡಿ.

ಕೋಶ ಜಾಸ್ತಿ ಉಳಿದಿರುವಾಗಲೇ ಹೊರೆ ಇಳಿಸಬೇಕು ಎಂದು ನಾನು ಎಲ್ಲರಿಗೂ ಒತ್ತಿ ಹೇಳುವುದು ಇದೇ ಕಾರಣಕ್ಕೆ. ಊಟ, ನಡಿಗೆ, ಮಾತ್ರೆ, ಇಂಜೆಕ್ಷನ್, ದಾರಿ ಯಾವುದೇ ಆಗಲಿ, ಮೊದಲ ವರ್ಷಗಳಲ್ಲಿ ತಡಮಾಡಬೇಡಿ. ಅಮ್ಮನ ವಿಷಯದಲ್ಲಿ ನಾವು ಮೂರು ವರ್ಷ ‘ಬಾರ್ಡರ್’ ಅಂತ ಸುಮ್ನೆ ಕೂತೆವು. ಆ ಸಂಕಟ ನನಗೆ ಇನ್ನೂ ಇದೆ.

## ಇನ್ನೂ ಆಳಕ್ಕೆ

ಜಿಐಪಿ ಕೆಲಸ ಮಾಡಲ್ಲ ಅಂದ್ರಲ್ಲ, ಮತ್ತೆ ಟಿರ್ಜೆಪಟೈಡ್‌ನಲ್ಲಿ ಅದನ್ನ ಯಾಕೆ ಸೇರಿಸಿದ್ರು?

ಜಿಐಪಿಗೆ ಕೋಶ ಕಿವುಡಾಗುವುದಕ್ಕೆ ಏರಿದ ಸಕ್ಕರೆಯೂ ಒಂದು ಕಾರಣ. ಡೆನ್ಮಾರ್ಕಿನಲ್ಲಿ ನಾಲ್ಕು ವಾರ ಇನ್ಸುಲಿನ್ ಕೊಟ್ಟು ಸಕ್ಕರೆಯನ್ನು ಹದಕ್ಕೆ ತಂದಾಗ ಎರಡೂ ಹಾರ್ಮೋನುಗಳಿಗೆ ಕೋಶದ ಸ್ಪಂದನೆ ಸುಧಾರಿಸಿತು. ಟಿರ್ಜೆಪಟೈಡ್ ತಾನೇ ಸಕ್ಕರೆ ಇಳಿಸುವುದರಿಂದ ಜಿಐಪಿಯ ಬಾಗಿಲು ಮತ್ತೆ ತೆರೆದುಕೊಳ್ಳಬಹುದು. 2016ರಲ್ಲಿ ಡ್ರಕರ್ ತಂಡವೇ ಇಲಿಗಳಲ್ಲಿ ಇನ್ನೊಂದು ಎಳೆ ಹಿಡಿಯಿತು. ಜಿಐಪಿ ಬೀಟಾ ಕೋಶದಲ್ಲಿ ಟಿಸಿಎಫ್-1 ಎಂಬ ಪ್ರೋಟೀನನ್ನು ಹೆಚ್ಚಿಸುತ್ತದೆ, ಕೋಶ ಬದುಕುಳಿಯಲು ಅದು ನೆರವಾಗುತ್ತದೆ. ಟೈಪ್ 2 ಇರುವವರ ದ್ವೀಪಗಳಲ್ಲಿ ಟಿಸಿಎಫ್-1 ಕಮ್ಮಿ.

ನನ್ನ ಮಗನಿಗೆ ಟೈಪ್ 1. ಅವನಿಗೆ ಇದರಿಂದ ಉಪಯೋಗ ಇದೆಯಾ?

ಟೈಪ್ 1ರಲ್ಲಿ ದೇಹದ ರಕ್ಷಣಾ ಪಡೆಯೇ ಬೀಟಾ ಕೋಶಗಳ ಮೇಲೆ ಬೀಳುತ್ತದೆ. ಹಾಗಾಗಿ ಕೋಶಕ್ಕೆ ಬಲ ಕೊಟ್ಟರೆ ಸಾಲದು, ದಾಳಿಯನ್ನೂ ತಡೆಯಬೇಕು. 2021ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಹೊಸದಾಗಿ ಟೈಪ್ 1 ಪತ್ತೆಯಾದ 308 ವಯಸ್ಕರಿದ್ದರು. ಐಎಲ್-21 ಎಂಬ ಸಂಕೇತವನ್ನು ತಡೆಯುವ ಔಷಧಿ ಮತ್ತು ಲಿರಾಗ್ಲುಟೈಡ್ ಎರಡನ್ನೂ ಪಡೆದವರಲ್ಲಿ 54 ವಾರದಲ್ಲಿ, ಸ್ವಂತ ಇನ್ಸುಲಿನ್ ಎಷ್ಟು ಬರುತ್ತಿದೆ ಎಂದು ರಕ್ತದಲ್ಲಿ ತೋರಿಸುವ ಗುರುತು ಶೇ. 10ರಷ್ಟು ಇಳಿಯಿತು. ಖಾಲಿ ಔಷಧಿಯವರಲ್ಲಿ ಇಳಿದಿದ್ದು ಶೇ. 39. ನಿಲ್ಲಿಸಿದ ಮೇಲೆ ಲಾಭ ಕುಗ್ಗಿತು. ಇದು ಸಂಶೋಧನೆಯ ಹಂತ. ನಿಮ್ಮ ಮಗನಿಗೆ ಇನ್ಸುಲಿನ್ ಬೇಕೇ ಬೇಕು, ಒಂದು ಡೋಸನ್ನೂ ತಪ್ಪಿಸಬೇಡಿ.

ಎರಡೇ ನಿಮಿಷ ಬದುಕೋ ಹಾರ್ಮೋನು ಕರುಳಿಂದ ಬೀಟಾ ಕೋಶದವರೆಗೆ ಹೇಗೆ ತಲುಪುತ್ತೆ?

ಒಳ್ಳೆಯ ಪ್ರಶ್ನೆ. ಕರುಳಿನಿಂದ ಹೊರಟ ಜಿಎಲ್‌ಪಿ-1ನಲ್ಲಿ ಬಹುಪಾಲು ದಾರಿಯಲ್ಲೇ ಕತ್ತರಿಗೆ ಸಿಗುತ್ತದೆ. ಅದು ಕರುಳಿನ ಗೋಡೆಯಲ್ಲೇ ಇರುವ ನರಗಳ ಮೂಲಕವೂ ಸುದ್ದಿ ಮುಟ್ಟಿಸುತ್ತದೆ. ಇನ್ನೂ ಒಂದಿದೆ. ದ್ವೀಪದಲ್ಲಿ ಬೀಟಾ ಕೋಶದ ಪಕ್ಕದಲ್ಲೇ ಆಲ್ಫಾ ಕೋಶಗಳಿರುತ್ತವೆ. ಅವು ಪ್ರೋಗ್ಲೂಕಗಾನ್ ಎಂಬ ಉದ್ದನೆಯ ಪ್ರೋಟೀನನ್ನು ಕತ್ತರಿಸಿ ಗ್ಲೂಕಗಾನ್ ಮಾಡುತ್ತವೆ. ಅದೇ ಪ್ರೋಟೀನನ್ನು ಕರುಳು ಬೇರೆ ಜಾಗದಲ್ಲಿ ಕತ್ತರಿಸಿದರೆ ಸಿಗುವುದು ಜಿಎಲ್‌ಪಿ-1. ಬೀಟಾ ಕೋಶಗಳು ಕಷ್ಟದಲ್ಲಿದ್ದಾಗ ಆಲ್ಫಾ ಕೋಶಗಳೂ ಕರುಳಿನ ಥರವೇ ಕತ್ತರಿಸಿ ಪಕ್ಕದಲ್ಲೇ ಜಿಎಲ್‌ಪಿ-1 ಒದಗಿಸಬಲ್ಲವು. ಹೀಗಾಗಿ ‘ಕರುಳಿನ ಹಾರ್ಮೋನು’ ಅನ್ನುವ ಹೆಸರು ಪೂರ್ತಿ ಸರಿಯಲ್ಲ.

ನನ್ನಲ್ಲಿ ಎಷ್ಟು ಬೀಟಾ ಕೋಶ ಉಳಿದಿದೆ ಅಂತ ನೋಡೋಕೆ ಆಗುತ್ತಾ?

ಎಣಿಸಲು ಆಗುವುದಿಲ್ಲ. ಅವುಗಳ ಕೆಲಸವನ್ನು ಅಳೆಯಬಹುದು. ಬೀಟಾ ಕೋಶ ಒಂದು ಇನ್ಸುಲಿನ್ ಮಾಡಿದಾಗಲೆಲ್ಲ ಜೊತೆಗೆ ಒಂದು ಸಿ-ಪೆಪ್ಟೈಡ್ ತುಣುಕು ಹೊರಬರುತ್ತದೆ. ಚುಚ್ಚಿಕೊಳ್ಳುವ ಇನ್ಸುಲಿನ್ನಿನಲ್ಲಿ ಅದಿರುವುದಿಲ್ಲ. ಹಾಗಾಗಿ ರಕ್ತದಲ್ಲಿ ಸಿ-ಪೆಪ್ಟೈಡ್ ಎಷ್ಟಿದೆಯೋ ಅದು ಸ್ವಂತ ದುಡಿಮೆಯ ಲೆಕ್ಕ. ಹೋದ ವರ್ಷ ಅಮ್ಮನಿಗೆ ಈ ಪರೀಕ್ಷೆ ಮಾಡಿಸಿದೆವು. ರಿಪೋರ್ಟನ್ನು ಕಿಟಕಿಯ ಬೆಳಕಿಗೆ ಹಿಡಿದು ಮೂರು ಸಲ ಓದಿದೆ. ಅಷ್ಟು ವರ್ಷವಾದ ಮೇಲೂ ಅಮ್ಮನ ಕೋಶಗಳು ಇನ್ನೂ ದುಡಿಯುತ್ತಿದ್ದವು.

ಕೋಶಗಳ ಚಿತ್ರವನ್ನೇ ತೆಗೆಯುವ ಪ್ರಯತ್ನ ನೆದರ್ಲೆಂಡ್ಸಿನ ನೈಮೇಗನ್‌ನಲ್ಲಿ ನಡೆದಿದೆ. ಅಲ್ಲೂ ಸಹಾಯಕ್ಕೆ ಬಂದದ್ದು ಅದೇ ಹಲ್ಲಿಯ ಎಕ್ಸೆಂಡಿನ್. ಅದಕ್ಕೆ ಅಲ್ಪ ವಿಕಿರಣ ಸೂಸುವ ಗುರುತು ಅಂಟಿಸಿ ರಕ್ತಕ್ಕೆ ಬಿಟ್ಟರೆ, ಅದು ಹೋಗಿ ಬೀಟಾ ಕೋಶಗಳ ಜಿಎಲ್‌ಪಿ-1 ಗ್ರಾಹಕಕ್ಕೆ ಅಂಟಿಕೊಳ್ಳುತ್ತದೆ. ಕ್ಯಾಮೆರಾದಲ್ಲಿ ಆರೋಗ್ಯವಂತರ ಗ್ರಂಥಿ ಹೊಳೆಯುತ್ತದೆ, ಟೈಪ್ 1 ಇರುವವರದು ಮಂಕಾಗಿ ಕಾಣುತ್ತದೆ. ಇದೇ ಚಿತ್ರವನ್ನು ವರ್ಷ ವರ್ಷ ತೆಗೆದರೆ ಔಷಧಿ ಕೋಶವನ್ನು ಉಳಿಸಿತೋ, ಬರೀ ವಿಶ್ರಾಂತಿ ಕೊಟ್ಟಿತೋ ಎಂದು ಬೇರ್ಪಡಿಸಿ ನೋಡಬಹುದು. ಒಂದು ತೊಡಕಿದೆ. ಇಂಜೆಕ್ಷನ್ ತೆಗೆದುಕೊಳ್ಳುತ್ತಿರುವವರಲ್ಲಿ ಆ ಗ್ರಾಹಕಗಳ ಮೇಲೆ ಔಷಧಿಯೇ ಕೂತಿರುತ್ತದೆ. ಗುರುತಿನ ಎಕ್ಸೆಂಡಿನ್‌ಗೆ ಅಂಟಿಕೊಳ್ಳಲು ಜಾಗ ಸಿಗಬೇಕಾದರೆ ಮೊದಲು ಔಷಧಿ ನಿಲ್ಲಿಸಿ ಕಾಯಬೇಕು.